ಹ್ಯಾಮ್‌ಸ್ಟರ್ ಗೂಡು ನೋಡಲು ಹೋಗುವಾಗ ಟೇಪು ಹಿಡಿದುಕೊಳ್ಳಿ



ಕಳೆದ ಜೂನ್‌ನಲ್ಲಿ ಶಾಲೆ ಶುರುವಾಗಿ ಒಂದು ವಾರ ಆಗಿತ್ತಷ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಟೀಚರ್, ನಮ್ಮ ಹ್ಯಾಮ್‌ಸ್ಟರ್ ರಾತ್ರಿ ಇಡೀ ಗೂಡಿನ ಕಂಬಿ ಕಚ್ಚುತ್ತದೆ. ಅದಕ್ಕೆ ಎಂತ ಮದ್ದು ಕೊಡುವುದು?"

"ಮದ್ದು ಆಮೇಲೆ. ಗೂಡು ಎಷ್ಟು ದೊಡ್ಡ ಉಂಟು?" ಅಂದೆ.

"ದೊಡ್ಡದೇ ಟೀಚರ್. ಮೂರು ಮಾಳಿಗೆ ಉಂಟು. ಜಾರುಬಂಡೆ ಸಹ ಉಂಟು."

"ಅಳೆದಿದ್ದೀಯಾ?"

ಅಳೆದಿರಲಿಲ್ಲ. ಮರುದಿನ ಅಳತೆ ಬರೆದುಕೊಂಡು ಬಂದಳು: ಉದ್ದ 40 ಸೆಂ.ಮೀ., ಅಗಲ 25 ಸೆಂ.ಮೀ., ಎತ್ತರ 45 ಸೆಂ.ಮೀ. ಆ ಚೀಟಿ ನೋಡಿದಾಗ ನನಗೆ ಎದೆಯೊಳಗೆ ಸಣ್ಣದೊಂದು ಮುಳ್ಳು ಆಡಿದ ಹಾಗಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಈಗ ನಿಮ್ಮ ಊರುಗಳಲ್ಲೂ ಹ್ಯಾಮ್‌ಸ್ಟರ್ ಬಂದುಬಿಟ್ಟಿದೆ. ಮಂಗಳೂರಿಗೆ ಹೋದವರು ತರುತ್ತಾರೆ, ಕಾಸರಗೋಡು ಪೇಟೆಯಲ್ಲೂ ಸಿಗುತ್ತದೆ, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬರುತ್ತದೆ. ಪ್ರಾಣಿಯ ಜೊತೆ ಬಣ್ಣಬಣ್ಣದ ಒಂದು ಗೂಡೂ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಗೂಡುಗಳಲ್ಲಿ ಹೆಚ್ಚಿನವು ಗೂಡೇ ಅಲ್ಲ, ಅಂಗಡಿಯಿಂದ ಮನೆಗೆ ಕೊಂಡುಹೋಗುವ ಚೀಲ. ಚೀಲದಲ್ಲಿ ಯಾರೂ ಎರಡು ವರ್ಷ ಬದುಕಬಾರದು.

ಮೊದಲು ಪ್ರಾಣಿ ಯಾವುದೆಂದು ತಿಳಿಯೋಣ

ಪಾಠದಲ್ಲಿ ನಾವು ಆವಾಸ, ಹೊಂದಾಣಿಕೆ ಅಂತ ಓದುತ್ತೇವೆ. ಪರೀಕ್ಷೆಗೆ ಒಂಟೆಯ ಗೊರಸು, ಮೀನಿನ ಕಿವಿರು ಬರೆದು ಅಂಕ ತೆಗೆಯುತ್ತೇವೆ. ಆದರೆ ಮನೆಯ ಮೂಲೆಯಲ್ಲಿರುವ ಪ್ರಾಣಿಗೆ ಆ ಪಾಠ ಅನ್ವಯಿಸುವುದೇ ಇಲ್ಲ.

ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಸಿರಿಯನ್ ಹ್ಯಾಮ್‌ಸ್ಟರ್, ಇನ್ನೊಂದು ಹೆಸರು ಚಿನ್ನದ ಹ್ಯಾಮ್‌ಸ್ಟರ್. ಸಿರಿಯಾ ದೇಶದ ಅಲೆಪ್ಪೊ ನಗರದ ಸುತ್ತಲಿನ ಒಣ ಬಯಲು ಅದರ ತವರು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿನ ಹೊಲವೊಂದನ್ನು ಅಗೆಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದು ಜೆರುಸಲೇಮಿಗೆ ಒಯ್ದರು. ಅವುಗಳಲ್ಲಿ ಕೆಲವು ಮರದ ಗೂಡನ್ನೇ ಕಡಿದು ತಪ್ಪಿಸಿಕೊಂಡವು. ಉಳಿದ ಕೆಲವೇ ಮರಿಗಳ ಸಂತಾನ ಇಂದು ಪ್ರಪಂಚದಲ್ಲೆಲ್ಲ ಸಾಕುವ ಚಿನ್ನದ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು. ಅಂದರೆ ನಾಯಿ, ದನಗಳ ಹಾಗೆ ಸಾವಿರಾರು ವರ್ಷ ಮನುಷ್ಯನ ಜೊತೆ ಪಳಗಿದ ಪ್ರಾಣಿ ಇದಲ್ಲ. ಮನೆಗೆ ಬಂದು ಇನ್ನೂ ನೂರು ವರ್ಷವೂ ಆಗಿಲ್ಲ. ಮೈಬಣ್ಣ ಬದಲಾಗಿರಬಹುದು, ಬುದ್ಧಿ ಇನ್ನೂ ಆ ಹೊಲದಲ್ಲೇ ಇದೆ.

ಆ ಹೊಲದಲ್ಲಿ ಅದು ಹೇಗೆ ಬದುಕುತ್ತದೆ? ನೆಲದೊಳಗೆ ಬಿಲ ತೋಡುತ್ತದೆ. ಸಿರಿಯಾದಲ್ಲಿ ಅಳೆದ ಬಿಲಗಳ ಆಳ 36ರಿಂದ 106 ಸೆಂಟಿಮೀಟರ್ ವರೆಗೆ ಇತ್ತು. ಒಂದು ಬಿಲಕ್ಕೆ ಒಂದೇ ದೊಡ್ಡ ಪ್ರಾಣಿ. ಕತ್ತಲಾಗುವ ಹೊತ್ತಿಗೆ ಹೊರಬಂದು ಕಾಳು ಹುಡುಕಿ, ಕೆನ್ನೆಚೀಲದಲ್ಲಿ ತುಂಬಿಸಿ, ಬಿಲದ ಉಗ್ರಾಣಕ್ಕೆ ಸಾಗಿಸುತ್ತದೆ. ಗೂಡಿನಲ್ಲಿ ಚಕ್ರ ಇಟ್ಟರೆ ಒಂದೇ ರಾತ್ರಿಯಲ್ಲಿ ಕೆಲವು ಕಿಲೋಮೀಟರ್ ಓಡುತ್ತದೆ. ತೂಕ ಮಾತ್ರ 100ರಿಂದ 150 ಗ್ರಾಂ, ಆಯುಸ್ಸು ಎರಡರಿಂದ ಮೂರು ವರ್ಷ.

ತೋಡುವುದು, ಓಡುವುದು, ಕೂಡಿಡುವುದು, ಒಂಟಿಯಾಗಿರುವುದು. ಒಂದು ಗೂಡು ಒಳ್ಳೆಯದೋ ಕೆಟ್ಟದೋ ಎಂದು ತೀರ್ಮಾನಿಸಲು ಈ ನಾಲ್ಕು ಮಾತು ಸಾಕು.

ಎಂಟು ಹಾಳೆಯ ಲೆಕ್ಕ

ಈಗ ಹುಡುಗಿಯ ಚೀಟಿಗೆ ಬರೋಣ. 40ನ್ನು 25ರಿಂದ ಗುಣಿಸಿದರೆ 1,000 ಚದರ ಸೆಂಟಿಮೀಟರ್. ಒಂದು ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂ.ಮೀ. ಹಾಗಾದರೆ ಆ ಪ್ರಾಣಿಯ ಪೂರ್ತಿ ಪ್ರಪಂಚ ಒಂದೂವರೆ ಹಾಳೆಗಿಂತ ಸ್ವಲ್ಪ ಹೆಚ್ಚು.

ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಸಂಶೋಧಕರು ಚಿನ್ನದ ಹ್ಯಾಮ್‌ಸ್ಟರ್‌ಗಳನ್ನು ನಾಲ್ಕು ಅಳತೆಯ ಗೂಡುಗಳಲ್ಲಿ ಇಟ್ಟು ನೋಡಿದರು: 1,800, 2,500, 5,000 ಮತ್ತು 10,000 ಚದರ ಸೆಂ.ಮೀ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಹೀಗೆ: ಸಣ್ಣ ಗೂಡಿನವು ಕಂಬಿಯನ್ನು ಹೆಚ್ಚು ಸಲ, ಹೆಚ್ಚು ಹೊತ್ತು ಕಚ್ಚಿದವು. ಮಲಗುವ ಮರದ ಮನೆಯ ಮಾಡಿನ ಮೇಲೂ ಹತ್ತಿ ಹತ್ತಿ ಅದನ್ನೇ ಹೆಚ್ಚುವರಿ ಜಾಗ ಮಾಡಿಕೊಂಡವು. ನೆನಪಿಡಿ, ಆ ಪ್ರಯೋಗದ ಅತಿ ಸಣ್ಣ ಗೂಡು 1,800. ನಮ್ಮ ಹುಡುಗಿಯ ಮನೆಯದ್ದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಜರ್ಮನಿಯ ಪ್ರಾಣಿಹಿತ ಪಶುವೈದ್ಯರ ಸಂಘ ಹೇಳುವ ಕನಿಷ್ಠ ಅಳತೆ 100 ಸೆಂ.ಮೀ. ಉದ್ದ, 50 ಅಗಲ, 50 ಎತ್ತರ. ವಿಸ್ತೀರ್ಣ 5,000 ಚದರ ಸೆಂ.ಮೀ., ಸರಿಸುಮಾರು ಎಂಟು ಎ4 ಹಾಳೆ. ಇದನ್ನು ಬಾಯಿಪಾಠ ಮಾಡಬೇಡಿ. ಎಂಟು ಹಳೆ ಪ್ರಶ್ನೆಪತ್ರಿಕೆ ತಂದು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಒಂದೂವರೆ ಹಾಸಿ. ಎದ್ದು ನಿಂತು ನೋಡಿ. ನಾನು ತರಗತಿಯಲ್ಲಿ ಹೀಗೆ ಮಾಡಿದಾಗ ಯಾರೂ ಮಾತಾಡಲಿಲ್ಲ.

"ಟೀಚರ್, ಮೂರು ಮಾಳಿಗೆ ಸೇರಿಸಿದರೆ ಮೂರು ಪಟ್ಟು ಆಗುವುದಿಲ್ಲವಾ?" ಅಂತ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಹ್ಯಾಮ್‌ಸ್ಟರ್ ಅಳಿಲಲ್ಲ, ಬಯಲಿನ ಪ್ರಾಣಿ. ಕಣ್ಣು ಮಂದ, ಎತ್ತರದ ಅಂದಾಜು ಸಿಗುವುದಿಲ್ಲ, ಬಿದ್ದರೆ ಕಾಲು ಮುರಿಯುತ್ತದೆ. ತಂತಿಯ ಅಟ್ಟದಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ. ತುಂಡು ತುಂಡಾದ ಮೂರು ಅಟ್ಟದಲ್ಲಿ ನಾಲ್ಕು ಹೆಜ್ಜೆ ನೇರ ಓಡುವುದಕ್ಕೂ ಸಾಧ್ಯವಿಲ್ಲ. ಆದ್ದರಿಂದ ಲೆಕ್ಕಕ್ಕೆ ಬರುವುದು ಒಂದೇ ಹಾಸಾಗಿ ಸಿಗುವ ನೆಲ.

ಇನ್ನೊಬ್ಬಳು ಬೇರೆ ಲೆಕ್ಕ ಹಾಕಿದಳು. ಹ್ಯಾಮ್‌ಸ್ಟರ್ 15 ಸೆಂ.ಮೀ., ನಾವು 150. ಹತ್ತು ಪಟ್ಟು. ಹಾಗಾದರೆ 40 ಗುಣಿಸು 25ರ ಗೂಡು ನಮಗೆ 4 ಮೀಟರ್ ಗುಣಿಸು 2.5 ಮೀಟರಿನ ಕೋಣೆ. "ಅಷ್ಟೇನೂ ಸಣ್ಣದಲ್ಲ ಟೀಚರ್, ನಮ್ಮ ಮಲಗುವ ಕೋಣೆ ಅಷ್ಟೇ ಇರುವುದು." ಲೆಕ್ಕ ಸರಿಯಾಗಿತ್ತು, ನಾನು ಒಪ್ಪಿಕೊಂಡೆ. ಆದರೆ ಕೋಣೆಯ ಬಾಗಿಲನ್ನು ಲೆಕ್ಕದಲ್ಲಿ ಬಿಟ್ಟಿದ್ದೆವು. ನಮ್ಮ ಕೋಣೆಗೆ ಬಾಗಿಲಿದೆ, ಆಚೆ ಅಂಗಳವಿದೆ, ಶಾಲೆಯಿದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಒಂದು ಗೆರೆಯ ಆಚೆ ಹೋಗಲಾಗದ ಸಂಕಟ ಎಂಥದು ಅಂತ ನಮ್ಮ ಗಡಿಯ ಜನಕ್ಕೆ ಯಾರೂ ಪಾಠ ಮಾಡಬೇಕಾಗಿಲ್ಲ. ನಮಗೆ ಕೆಲವು ತಿಂಗಳು. ಗೂಡಿನೊಳಗಿನದ್ದಕ್ಕೆ ಜೀವಮಾನ.

ದೊಡ್ಡದು ಎಂದರೆ ಆಳವೂ ಹೌದು

ಆ 2007ರ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಮುಚ್ಚಿಟ್ಟರೆ ನಾನು ವಿಜ್ಞಾನ ಟೀಚರ್ ಅಲ್ಲ. ಎಲ್ಲಕ್ಕಿಂತ ದೊಡ್ಡ ಗೂಡಿನಲ್ಲೂ ಕಂಬಿ ಕಚ್ಚುವುದು ಪೂರ್ತಿ ನಿಂತಿರಲಿಲ್ಲ. ಬರೀ ಅಗಲ ಸಾಲದು ಎಂದಾಯಿತು.

ಇನ್ನೊಂದು ಪ್ರಯೋಗ, 2006ರದ್ದು. ಅಲ್ಲಿ ಬದಲಿಸಿದ್ದು ಗೂಡಿನ ತಳಕ್ಕೆ ಹಾಸುವ ಮರದ ಸಿಪ್ಪೆಯ ಆಳವನ್ನು: 10, 40 ಮತ್ತು 80 ಸೆಂ.ಮೀ. ಹತ್ತು ಸೆಂಟಿಮೀಟರಿನವು ಹೆಚ್ಚು ಕಂಬಿ ಕಚ್ಚಿದವು. ಎಂಬತ್ತರಲ್ಲಿ ಇದ್ದವು ಕಚ್ಚಲೇ ಇಲ್ಲ. ಬಿಲ ತೋಡಲು ಸಿಕ್ಕಿದ ಪ್ರಾಣಿಗೆ ಕಂಬಿಯ ಹಂಗಿಲ್ಲ.

ಮನೆಯಲ್ಲಿ 80 ಸೆಂ.ಮೀ. ಕಷ್ಟ, ಒಪ್ಪುತ್ತೇನೆ. ಆದರೆ ಅಂಗಡಿಯ ಗೂಡಿನ ತಟ್ಟೆಯಲ್ಲಿ ಮೂರು ಬೆರಳು ಆಳವೂ ನಿಲ್ಲುವುದಿಲ್ಲ, ಕಂಬಿಯ ಸಂದಿಯಿಂದ ಎಲ್ಲ ಹೊರಗೆ ಚೆಲ್ಲುತ್ತದೆ. ಗೂಡಿನ ಅರ್ಧ ಭಾಗದಲ್ಲಾದರೂ 25-30 ಸೆಂ.ಮೀ. ಸಿಗುವ ಹಾಗೆ ಮಾಡಿ. 50 ಉದ್ದ, 50 ಅಗಲ, 30 ಆಳ ಎಂದರೆ 75,000 ಘನ ಸೆಂ.ಮೀ., ಅಂದರೆ 75 ಲೀಟರ್ ಸಿಪ್ಪೆ. ಬಡಗಿ ಮರ ಕೀಸುವಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದು ಆಗುತ್ತದೆ. ಆದರೆ ವಾರ್ನಿಷ್ ಬಳಿದ, ಗೆದ್ದಲಿನ ಮದ್ದು ಹಾಕಿದ ಮರದ್ದು ಬೇಡ, ಮಿಲ್ಲಿನ ನುಣ್ಣನೆ ಪುಡಿಯೂ ಬೇಡ, ಅದು ಮೂಗಿಗೆ ಹೋಗುತ್ತದೆ. ಹತ್ತಿಯಂತಹ ನೂಲುನೂಲಾದದ್ದು ಕಾಲಿಗೆ ಸುತ್ತಿಕೊಳ್ಳುತ್ತದೆ. ನಡುವೆ ಬೈಹುಲ್ಲು, ಅಚ್ಚಿಲ್ಲದ ಹರಿದ ಕಾಗದ ಸೇರಿಸಿದರೆ ಬಿಲ ಕುಸಿಯುವುದಿಲ್ಲ. ಅಡಗಲು ಎರಡು ತೆಂಗಿನ ಗೆರಟೆ ಕವುಚಿ ಹಾಕಿ. ನಮ್ಮ ಊರಿನಲ್ಲಿ ಅದಕ್ಕೆ ದುಡ್ಡು ಕೊಡಬೇಕಾ?

ಚಕ್ರವೂ ಗೂಡಿನ ಅಳತೆಗೆ ಸೇರಿದ್ದು. ಓಡುವಾಗ ಬೆನ್ನು ನೆಟ್ಟಗಿರಬೇಕು. ಬಿಲ್ಲಿನ ಹಾಗೆ ಬಾಗಿದರೆ ಚಕ್ರ ಸಣ್ಣದಾಯಿತು. ಸಿರಿಯನ್ ಜಾತಿಗೆ ವ್ಯಾಸ 28 ಸೆಂ.ಮೀ. ಆದರೂ ಬೇಕು, ಕುಬ್ಜ ಜಾತಿಗಳಿಗೆ 20. ಮೆಟ್ಟಿಲು ಮೆಟ್ಟಿಲಾದ ತಂತಿಯ ಚಕ್ರ ಬೇಡ, ಓಡುವ ಹಾಸು ಮುಚ್ಚಿರಬೇಕು. 28ರ ಚಕ್ರ ನಿಲ್ಲದ ಗೂಡು ಸಣ್ಣದು, ಇಷ್ಟು ನೋಡಿದರೂ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿಯಿತು. ಕಂಬಿಗಳ ನಡುವಿನ ಸಂದಿ ಒಂದು ಸೆಂಟಿಮೀಟರ್ ಮೀರಬಾರದು. ಕುಬ್ಜ ಜಾತಿಗೆ ಇನ್ನೂ ಕಡಿಮೆ, 6-7 ಮಿಲಿಮೀಟರ್. ಕುಬ್ಜ ಅಂತ ಅವಕ್ಕೆ ನೆಲ ಕಡಿಮೆ ಕೊಡಬೇಡಿ, ಅವುಗಳ ಓಟ ಕುಬ್ಜ ಅಲ್ಲ.

ಪ್ಲಾಸ್ಟಿಕ್ ಪೆಟ್ಟಿಗೆ ಕೊಳ್ಳುವವರಿಗೆ ಒಂದು ಮಾತು. ಅದರ ಮೇಲೆ ಬರೆದಿರುವುದು ಲೀಟರ್, ಅದು ಗಾತ್ರ. ಎತ್ತರದ ಡಬ್ಬಿಯೂ ಅಗಲದ ಡಬ್ಬಿಯೂ ಒಂದೇ ಲೀಟರ್ ಇರಬಹುದು. ಪೆಟ್ಟಿಗೆಯ ಬಾಯಿ ಅಗಲ, ತಳ ಕಿರಿದು. ಆದ್ದರಿಂದ ಒಳಗಿನ ತಳಕ್ಕೇ ಟೇಪು ಹಿಡಿಯಿರಿ.

ನನ್ನ ತಪ್ಪು

ಈಗ ಆ ಮುಳ್ಳಿನ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸತು. ತಮ್ಮ ಒಂದು ಹ್ಯಾಮ್‌ಸ್ಟರ್ ತಂದುಕೊಟ್ಟ, ಜೊತೆಗೆ ಹಸಿರು-ಗುಲಾಬಿ ಬಣ್ಣದ ಗೂಡು. ಚಿನ್ನು ಅಂತ ಕರೆಯುತ್ತಿದ್ದೆ. ಅದೂ ಕಂಬಿ ಕಚ್ಚುತ್ತಿತ್ತು. ದಂಶಕಗಳ ಬಾಚಿಹಲ್ಲು ಜೀವಮಾನ ಇಡೀ ಬೆಳೆಯುತ್ತದೆ, ಸವೆಸಲು ಕಚ್ಚುತ್ತದೆ, ಅಷ್ಟೇ ಅಂತ ಬಿಎಸ್ಸಿ ಓದಿದ ನಾನು ನನಗೇ ಸಮಾಧಾನ ಹೇಳಿಕೊಂಡೆ. ಹಲ್ಲು ಬೆಳೆಯುವುದು ನಿಜ. ಆದರೆ ಅದಕ್ಕೆ ಮರದ ತುಂಡು ಸಾಕು. ಗಂಟೆಗಟ್ಟಲೆ ಒಂದೇ ಮೂಲೆಯ ಕಂಬಿ ಕಚ್ಚುವುದು ಹಲ್ಲಿನ ಕೆಲಸವಲ್ಲ. ಗೊತ್ತಿದ್ದ ಅರ್ಧ ಸತ್ಯವನ್ನು ಗೊತ್ತಿಲ್ಲದ ಅರ್ಧಕ್ಕೆ ಮುಚ್ಚಳ ಮಾಡಿದ್ದೆ.

ಮಾರ್ಚ್ ತಿಂಗಳು. ಬಾಡಿಗೆ ಮನೆ, ಮೇಲಿನ ಮಹಡಿ, ತಾರಸಿಯ ಕಾವು ನೇರ ಕೆಳಗೆ. ಬೆಳಿಗ್ಗೆ ಪರೀಕ್ಷೆ ಡ್ಯೂಟಿಗೆ ಹೋಗುವ ಗಡಿಬಿಡಿಯಲ್ಲಿ ಗೂಡನ್ನು ಕಿಟಕಿಯ ಹತ್ತಿರವೇ ಬಿಟ್ಟಿದ್ದೆ. ಮಧ್ಯಾಹ್ನದ ಬಿಸಿಲು ಆ ಕಿಟಕಿಗೆ ಬೀಳುತ್ತದೆ ಅಂತ ಗೊತ್ತಿತ್ತು. ನಾಲ್ಕು ಗಂಟೆಗೆ ಬಂದು ನೋಡುವಾಗ ಚಿನ್ನು ಗೂಡಿನ ಒಂದು ಮೂಲೆಯಲ್ಲಿ ಮೈ ಚಾಚಿ ಮಲಗಿತ್ತು. ಏಳಲಿಲ್ಲ.

ಆ ಗೂಡಿನಲ್ಲಿ ಬಿಸಿಲಿನಿಂದ ಸರಿದು ಹೋಗಲು ಇನ್ನೊಂದು ಮೂಲೆ ಇರಲಿಲ್ಲ. ದೊಡ್ಡ ಗೂಡಿನ ಮೊದಲ ಪ್ರಯೋಜನ ಆಟವಲ್ಲ, ಆಯ್ಕೆ. ಬಿಸಿಯಾದರೆ ತಂಪಿನ ಕಡೆಗೆ, ಹೆದರಿಕೆಯಾದರೆ ಕತ್ತಲಿನ ಕಡೆಗೆ ಹೋಗುವ ಆಯ್ಕೆ.

ನಮ್ಮ ಸೆಖೆಯ ಊರಿನಲ್ಲಿ

ಹ್ಯಾಮ್‌ಸ್ಟರ್‌ಗೆ ಹಿತವಾದ ಉಷ್ಣತೆ 20ರಿಂದ 24 ಡಿಗ್ರಿ ಸೆಲ್ಸಿಯಸ್. ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಕಾಸರಗೋಡಿನ ಕರಾವಳಿಯಲ್ಲಿ ಏಪ್ರಿಲ್‌ನಲ್ಲಿ 30 ದಾಟುವುದು ಮಾಮೂಲು, ಮೇಲಿಂದ ತೇವ ತುಂಬಿದ ಗಾಳಿ. "ಸಿರಿಯಾವೂ ಬಿಸಿಯಲ್ಲವಾ?" ಅಂತ ಕೇಳಬಹುದು. ಬಿಸಿಯೇ. ಆದರೆ ಅಲ್ಲಿ ಬಿಸಿಲೇರಿದ ಹೊತ್ತಿನಲ್ಲಿ ಅದು ನೆಲದೊಳಗೆ ಇರುತ್ತದೆ. ಮಣ್ಣು ಉಷ್ಣದ ಮಂದ ವಾಹಕ, ಅರ್ಧ ಮೀಟರ್ ಕೆಳಗೆ ಮಧ್ಯಾಹ್ನದ ಬಿಸಿ ತಲುಪುವುದೇ ಇಲ್ಲ. ಪೆಟ್ಟಿಗೆಯಲ್ಲಿ ಹಾಕಿದ ಸಿಪ್ಪೆ ಹಾಗಲ್ಲ. ಕೆಲವು ಗಂಟೆಗಳಲ್ಲಿ ಕೋಣೆಯ ಬಿಸಿಯೇ ಅದಕ್ಕೂ ಬರುತ್ತದೆ. ಆದ್ದರಿಂದ ಆಳದ ಹಾಸು ಇದ್ದರೆ ಸಾಕು ಅಂತ ನಂಬಬೇಡಿ.

ಗೂಡಿಗಿಂತ ಮೊದಲು ಅದನ್ನಿಡುವ ಜಾಗ ಆರಿಸಿ. ಮನೆಯ ಕೆಳಗಿನ ಅಂತಸ್ತು, ಬಿಸಿಲು ಬೀಳದ ಗೋಡೆ, ಗಾಳಿಯಾಡುವ ಮೂಲೆ. ಹಳೆಯ ಗಾಜಿನ ಮೀನಿನ ತೊಟ್ಟಿ ಆಗಬಹುದು, ಆದರೆ ಮೇಲೆ ಗಾಜು ಮುಚ್ಚಬೇಡಿ, ತಂತಿ ಬಲೆ ಹಾಕಿ. ಒಳಗೆ ಒಂದು ಹಂಚಿನ ತುಂಡು ಇಡಿ, ಸೆಖೆಗೆ ಅದರ ಮೇಲೆ ಹೊಟ್ಟೆ ಊರಿ ಮಲಗುತ್ತದೆ. ಮಂಜುಗಡ್ಡೆ ಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗೂಡಿಗೆ ಒರಗಿಸಿ. ಇರುವೆ ಬಂದರೆ ಅಜ್ಜಿ ಸಕ್ಕರೆ ಡಬ್ಬಿ ಕಾಪಾಡಿದ ಉಪಾಯವೇ ಸಾಕು: ಗೂಡಿಟ್ಟ ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ತಟ್ಟೆಯಲ್ಲಿಡಿ. ಬೆಕ್ಕು, ಕೇರೆ ಹಾವು ಬರುವ ಮನೆಯಾದರೆ ಬಲೆ ಬಿಗಿಯಾಗಿರಲಿ.

ಇಷ್ಟೆಲ್ಲ ಒಂದು ಇಲಿಗಾ?

ಈ ಮಾತು ಮನೆಯಲ್ಲಿ ಬರುತ್ತದೆ, ಗೊತ್ತು. "ಅಡಿಕೆ ಅಟ್ಟದಲ್ಲಿ ಇಲಿಗೆ ಬೋನು ಇಡುತ್ತೇವೆ, ಇಲ್ಲಿ ಇಲಿಗೆ ಬಂಗಲೆ ಕಟ್ಟಬೇಕಾ?" ಅಂತ ಅಜ್ಜ ಕೇಳಿದರೆ ನಗಬೇಡಿ, ಉತ್ತರ ಕೊಡಿ. ಅಟ್ಟದ ಇಲಿ ತಾನಾಗಿ ಬಂದದ್ದು, ಅದಕ್ಕೆ ಓಡಿಹೋಗುವ ದಾರಿಯೂ ಇದೆ. ಇದನ್ನು ನಾವು ದುಡ್ಡು ಕೊಟ್ಟು ತಂದು, ಬಾಗಿಲು ಹಾಕಿದ್ದೇವೆ. ಬಾಗಿಲು ಹಾಕಿದವನ ಮೇಲೆ ಜವಾಬ್ದಾರಿ. ಇದು ನನ್ನ ಭಾವನೆ ಮಾತ್ರವಲ್ಲ, ಕಾನೂನು ಕೂಡ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ, ಪ್ರಾಣಿ ಸಾಕಷ್ಟು ಓಡಾಡಲು ಆಗದಷ್ಟು ಸಣ್ಣ ಉದ್ದ, ಅಗಲ, ಎತ್ತರದ ಗೂಡಿನಲ್ಲಿ ಅದನ್ನಿಡುವುದು ಅಪರಾಧ. 2018ರ ನಿಯಮದಂತೆ ಸಾಕುಪ್ರಾಣಿ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಅಂಗಡಿಗೆ ಹೋದಾಗ ಆ ಪತ್ರ ಕೇಳಿ. ಕೇಳುವುದು ತಪ್ಪಲ್ಲ.

ದುಡ್ಡಿನ ಪ್ರಶ್ನೆ ನಿಜವಾದದ್ದು. ದೊಡ್ಡ ಗೂಡು ತುಟ್ಟಿ. ಆದರೆ ಹಳೆಯ ಮರದ ಕಪಾಟನ್ನು ಅಡ್ಡ ಮಲಗಿಸಿ, ಅಟ್ಟಗಳನ್ನು ತೆಗೆದು, ಮೇಲೆ ತಂತಿ ಬಲೆಯ ಮುಚ್ಚಳ ಮಾಡಿದರೆ ಅಂಗಡಿಯ ಯಾವ ಗೂಡೂ ಅದಕ್ಕೆ ಸಮವಲ್ಲ. ಮರ ಕಡಿದಾವು, ಆಗಾಗ ಮೂಲೆ ನೋಡಿಕೊಳ್ಳಿ. ಅದೂ ಆಗುವುದಿಲ್ಲ ಎಂದಾದರೆ ಪ್ರಾಣಿ ತರಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಎಂಟು ಹಾಳೆಯಷ್ಟು ನೆಲ ಕೊಡಲಾಗದಿದ್ದರೆ ಹಿತ್ತಲಿಗೆ ಬರುವ ಪಿಕಳಾರ ಹಕ್ಕಿಯನ್ನು ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದೂ ವಿಜ್ಞಾನವೇ.

ಜೋಡಿ ಇರಲಿ ಅಂತ ಅಂಗಡಿಯವರು ಎರಡು ಕೊಡಲು ನೋಡುತ್ತಾರೆ. ಬೇಡ. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಒಂದೇ ಗೂಡಿನಲ್ಲಿ ಕಚ್ಚಾಡಿ ಸಾಯುತ್ತವೆ. ಗಂಡು ಹೆಣ್ಣಾದರೆ ಗರ್ಭದ ಅವಧಿ ಸುಮಾರು 16 ದಿನ ಮಾತ್ರ, ತಿಂಗಳೊಳಗೆ ನಿಮ್ಮ ಬಳಿ ಒಂದು ಡಜನ್ ಇರಬಹುದು. ಹಾಗೆಯೇ ವಿಜ್ಞಾನ ಮೇಳಕ್ಕೆ ತಂದು ಹಗಲಿಡೀ ಎಬ್ಬಿಸಿ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಮತ್ತೆ, ಸಾಕಲು ಆಗದು ಅಂತ ತೋಟಕ್ಕೆ ಬಿಡುವುದು ಬಿಡುಗಡೆಯಲ್ಲ. ಕಾಗೆ, ಬೆಕ್ಕು, ಸೆಖೆ ಇವುಗಳಲ್ಲಿ ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ.

ಆ ಹುಡುಗಿ ಎಂತ ಮಾಡಿದಳು?

ಹಳೆಯ ಕಪಾಟೇ ಸಿಕ್ಕಿತು. ಒಳಗಿನ ತಳ 110 ಗುಣಿಸು 50. ನಾನು ಒಂದು ಷರತ್ತು ಹಾಕಿದ್ದೆ: ಬದಲಿಸುವ ಮೊದಲು ಒಂದು ವಾರ, ಬದಲಿಸಿದ ಮೇಲೆ ಕೆಲವು ವಾರ, ರಾತ್ರಿ ಎಂಟರಿಂದ ಒಂಬತ್ತರವರೆಗೆ ಎಷ್ಟು ನಿಮಿಷ ಕಂಬಿ ಕಚ್ಚುತ್ತದೆ ಅಂತ ಬರೆಯಬೇಕು. ಹೊಸ ಗೂಡಿಗೆ ಹಳೆಯ ಹಾಸಿನಿಂದ ಎರಡು ಹಿಡಿ, ಅದು ಕೂಡಿಟ್ಟ ಕಾಳಿನಲ್ಲಿ ಸ್ವಲ್ಪ ಸೇರಿಸಲು ಹೇಳಿದ್ದೆ, ಯಾಕೆಂದರೆ ಅದರ ಮನೆ ಎಂದರೆ ಅದರ ವಾಸನೆ. "ದೊಡ್ಡ ಗೂಡಿನಲ್ಲಿ ಹೆದರುತ್ತದೆ" ಅನ್ನುವವರಿದ್ದಾರೆ. ಹೆದರುವುದು ಬಯಲಿಗೆ, ವಿಸ್ತಾರಕ್ಕಲ್ಲ. ಅಡಗಲು ಗೆರಟೆ, ಕೊಳವೆ ಇದ್ದರೆ ಹೆದರಿಕೆ ಇಲ್ಲ.

ಮೊದಲ ವಾರ ಕಚ್ಚುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಮುಚ್ಚಳದ ಬಲೆಯ ಹತ್ತಿರ ಹತ್ತಿ ಕಚ್ಚಲು ನೋಡುತ್ತಿತ್ತು. ಆಮೇಲೆ ಒಂದು ಬದಿಗೆ ಸಿಪ್ಪೆ ತುಂಬಿಸಿ ಆಳ ಮಾಡಿದಳು. ಮೂರನೇ ವಾರದ ಸೋಮವಾರ ಪುಸ್ತಕ ತಂದು ತೋರಿಸಿದಳು. ಆ ದಿನದ ಸಾಲಿನಲ್ಲಿ ನಿಮಿಷದ ಜಾಗದಲ್ಲಿ ಅಂಕಿ ಇರಲಿಲ್ಲ. "ಕಾಣಲಿಲ್ಲ. ಬಿಲದೊಳಗೆ ಇತ್ತು. ಮಣ್ಣು ದೂಡುವ ಹಾಗೆ ಸಿಪ್ಪೆ ದೂಡುವ ಶಬ್ದ ಮಾತ್ರ ಕೇಳಿತು" ಅಂತ ಬರೆದಿದ್ದಳು.

ಒಂದು ಪ್ರಾಣಿಯ ಮೂರು ವಾರದ ಟಿಪ್ಪಣಿ ಪುರಾವೆಯಾಗುವುದಿಲ್ಲ, ಅದನ್ನು ಅವಳಿಗೂ ಹೇಳಿದೆ. ನಿಮ್ಮ ಮನೆಗಳಲ್ಲಿ ಹ್ಯಾಮ್‌ಸ್ಟರ್ ಇದ್ದರೆ ನೀವೂ ಅಳೆಯಿರಿ, ಬದಲಿಸಿ, ಬರೆಯಿರಿ, ನಿಮ್ಮ ಟೀಚರಿಗೆ ಕೊಡಿ. ಹತ್ತು ಪುಸ್ತಕ ಸೇರಿದರೆ ಮಾತಾಡಲು ಏನಾದರೂ ಸಿಗುತ್ತದೆ.

"ಟೀಚರ್, ಈಗ ಅದನ್ನು ನೋಡಲಿಕ್ಕೇ ಸಿಗುವುದಿಲ್ಲ" ಅಂತ ಅವಳು ಸ್ವಲ್ಪ ಬೇಜಾರಿನಿಂದ ಹೇಳಿದಳು.

ಹೌದು. ಒಳ್ಳೆಯ ಗೂಡಿನ ತೊಂದರೆ ಅದೇ. ಅದು ಕಟ್ಟಿದ್ದು ನಮಗಾಗಿ ಅಲ್ಲ.